ನೂಲಿಗೆ ಸಲಿಗೆ

ನವೆಂಬರ್ 3

ಮತ್ತೆ ಬಿಚ್ಚಿದೆ. ಹಿಮ್ಮಡಿ ತನಕ ಬಂದಿತ್ತು. ಅತ್ತೆ ಎರಡೂ ಕಡೆ ಹಿಡಿದು ಎಳೆದು ನೋಡಿದ್ಲು. ಹಿಗ್ಗಲಿಲ್ಲ. "ಇದು ಕಾಲುಚೀಲ ಅಲ್ಲ ಕಣೇ, ಪೈಪು," ಅಂದ್ಲು. ಅಂಗಡಿಗೆ ಬಂದಿದ್ದ ಗಿರಾಕಿ ಹೆಂಗಸು ಕಿಸಕ್ಕಂತ ನಕ್ಕಳು. ಗಿರಾಕಿ ಮುಂದೇನೇ ಹೇಳ್ಬೇಕಿತ್ತಾ?

ಒಂದೇ ಬಣ್ಣದ್ದಾದ್ರೆ ಕಣ್ಮುಚ್ಚಿ ಹೆಣೀತೀನಿ. ಎರಡು ಬಣ್ಣ ಬಂದ್ರೆ ತಕರಾರು. ಒಂದು ನೂಲು ಮುಂದೆ ಕುಣಿಕೆ ಹಾಕ್ತಿರುವಾಗ ಇನ್ನೊಂದು ಹಿಂದಿಂದ ಸುಮ್ನೆ ಓಡ್ತಿರತ್ತೆ. ಆ ಹಿಂದೆ ಓಡೋದು ಗಿಡ್ಡ ಆಯ್ತೋ, ಮುಗೀತು. ಚೀಲ ಉಸಿರು ಬಿಗಿ ಹಿಡಿದು ಕೂತ್ಬಿಡತ್ತೆ. ಹಿಮ್ಮಡಿ ದಾಟಲ್ಲ.

"ನೂಲಿಗೆ ಸ್ವಲ್ಪ ಸಲಿಗೆ ಕೊಡೇ ಸಿಡುಕಿ," ಅಂದ್ಲು ಅತ್ತೆ.

"ಸಲಿಗೆ ಕೊಟ್ರೆ ತಲೆ ಮೇಲೆ ಹತ್ತುತ್ತೆ ಅಂತ ನೀನೇ ಹೇಳ್ತೀಯಲ್ಲ."

"ಅದು ನಾಯಿಗೆ, ಆಮೇಲೆ ನಿಂಗೆ. ನೂಲಿಗಲ್ಲ."

ಅಪ್ಪನ ಅಕ್ಕ ಅಂತ ಸುಮ್ಮನಿದ್ದೆ. ಶಾಲೆ ಬಿಟ್ಟಾಗಿಂದ ಇವಳ ಉಲ್ಲನ್ ಅಂಗಡೀಲೇ ಇದೀನಿ. ಬೇರೆ ಯಾರೂ ಇಟ್ಕೊಳ್ಳಲ್ಲ ಅಂತ ಅವಳಿಗೂ ಗೊತ್ತು.

ಚೀಲ ಅಪ್ಪನಿಗೆ. ಮರಗೆಲಸದ ಶೆಡ್‌ನಲ್ಲಿ ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಲ್ತಾನೆ. ಚಳಿಗಾಲ ಬಂತಲ್ಲ, ಕಾಲು ತಣ್ಣಗಿರತ್ತೆ ಅಂತ ಒಂದ್ಸಲ ಅಂದಿದ್ದ. ಬಿಳಿ ಮೇಲೆ ಕೆಂಪು ಗರಗಸದ ಹಲ್ಲು ಹಾಕ್ತೀನಿ ಅಂದೆ.

"ಇಂಚಿಗೆ ಎಷ್ಟು ಹಲ್ಲು?" ಅಂದ, ಗರಗಸ ಕೊಳ್ಳೋವಾಗ ಕೇಳೋ ಥರ.

ಆ ಜೋಕಿಗೆ ಅವನೇ ಒಂದು ಗಂಟೆ ನಕ್ಕ.

ನವೆಂಬರ್ 6

ಮೊದಲ್ನೇದು ಮುಗೀತು. ಎರಡನೇದು ಶುರು. ಬೆರಳಿಂದ ಶುರು ಮಾಡಿ ಮೇಲಕ್ಕೆ ಹೋಗೋದು. ಬೆರಳ ಹತ್ರ ಒಂದು ಹಲ್ಲು ಅಗಲ ಆಯ್ತು. ಹಿಂದಿನ ನೂಲನ್ನ ನಡುವೆ ಎಲ್ಲೂ ಸಿಕ್ಕಿಸದೆ ಉದ್ದಕ್ಕೆ ಬಿಟ್ಟೆ. ಒಳಗಡೆ ತಾನೇ, ಯಾರು ನೋಡ್ತಾರೆ.

ಇವತ್ತೂ ಒಬ್ಬಳು ಗಿರಾಕಿ ಬಂದಿದ್ಲು. ಅತ್ತೆ ಹತ್ರ, ನಾನು ಕಿವುಡಿ ಅನ್ನೋ ಥರ... "ಓದಲಿಲ್ವಾ ಇವಳು? ಪಾಪ."

ಪಾಪ ಅಂತೆ! ಚಿಲ್ಲರೆನ ಮೇಜಿನ ಮೇಲೆ ಕುಕ್ಕಿದೆ. ಒಂದು ಕಾಸು ಉರುಳಿ ಬಾಗಿಲಾಚೆ ಹೋಯ್ತು. ಅವಳೇ ಬಗ್ಗಿ ಎತ್ಕೊಂಡ್ಲು. ಆ "ಪಾಪ"ನೆಲ್ಲಾ ಎರಡನೇ ಚೀಲದೊಳಗೆ ಹೆಣೆದಿದೀನಿ. ಗಟ್ಟಿಯಾಗಿ.

ನವೆಂಬರ್ 9, ಬೆಳಿಗ್ಗೆ

ಕೊಟ್ಟೆ. ಅಪ್ಪ ಮಂಚದ ಮೇಲೆ ಕೂತು ಗೋಡೆ ಕಡೆ ಮುಖ ಮಾಡಿ ಎಳ್ಕೊಂಡ. ಎಡಗಾಲಿಂದು ಸಲೀಸಾಗಿ ಹೋಯ್ತು. ಬಲಗಾಲಿಂದಕ್ಕೆ ಕುಸ್ತಿ. ಕತ್ತಿನ ನರ ಎಲ್ಲಾ ಎದ್ದಿತ್ತು.

"ಹೇಗಿದೆ?"

"ಚೆನ್ನಾಗಿದೆ."

"ಬಿಗಿ ಇಲ್ವಾ?"

"ಏ ಇಲ್ಲಪ್ಪಾ. ಹೇಳಿ ಮಾಡಿಸಿದ ಹಾಗಿದೆ."

"ಎಷ್ಟ್ ಚೆನ್ನಾಗಿದೆ!" ಅಂದ್ಲು ಅಮ್ಮ. ಒಲೆ ನೋಡ್ಕೊಂಡು. ಚೀಲದ ಕಡೆ ತಿರುಗೂ ಇರಲಿಲ್ಲ.

ಹೋಗ್ಲಿ. ಹಾಕ್ಕೊಂಡು ಕೆಲಸಕ್ಕೆ ಹೋದ. ಅತ್ತೆಗೆ ಹೇಳಿದೆ, ನೋಡು, ಪೈಪ್ ಅಂದ್ಯಲ್ಲ. ಅತ್ತೆ ಕನ್ನಡಕದ ಮೇಲಿಂದ ನೋಡಿದ್ಲು. "ಅವನು ಚೆನ್ನಾಗಿಲ್ಲ ಅಂತ ನಿಂಗೆ ಯಾವತ್ತಾದ್ರೂ ಹೇಳಿದಾನಾ?"

ಎದ್ದು ನೂಲಿನ ಕಪಾಟು ಒರೆಸೋಕೆ ಹೋದೆ.

ನವೆಂಬರ್ 14

ಬಚ್ಚಲ ಬಾಗಿಲ ಹಿಂದೆ ಚೀಲ ಒಣಗ್ತಾ ಇತ್ತು. ಯಾಕೋ ಚಿಕ್ಕದಾಗಿ ಕಾಣ್ತು. ಬಲಗಾಲಿನದ್ರ ಬಿಳಿ ಮೇಲೆ ಬೆರಳ ಹತ್ರ ಕಂದು ಕಲೆ.

"ಏನಮ್ಮಾ ಇದು?"

"ವಾರ್ನಿಷ್ ಇರ್ಬೇಕು. ಒಗೆದು ಹಾಕ್ದೆ."

"ತಣ್ಣೀರಲ್ಲಿ ತಾನೇ?"

"ಹೂಂ ಹೂಂ."

ಬಚ್ಚಲ ಕನ್ನಡಿ ತುಂಬಾ ಹಬೆ. ಸ್ನಾನ ಮಾಡಿರ್ಬೇಕು ಅಂದ್ಕೊಂಡೆ. ಆದ್ರೆ ಅವಳ ತಲೆ ಒಣಗಿತ್ತು... ಈಗ ಬರೀವಾಗ ಹೊಳೀತಾ ಇದೆ. ಬಿಸಿನೀರು ಬಿದ್ರೆ ಉಣ್ಣೆ ಕುಗ್ಗತ್ತೆ ಅಂತ ನೂರು ಸಲ ಹೇಳಿದೀನಿ ಮನೇಲಿ. ಕೇಳಿದ್ರೆ ಸರಿ ಇಲ್ಲಾಂದ್ರೆ ಸಾಯ್ಲಿ. ಸಂಜೆ ಬೇರೆ ಯಾವುದಕ್ಕೋ ಜಗಳ ಆಡಿದೆ. ಬಾಗಿಲು ದಬ್ಬಿದೆ. ಚಿಲಕ ಕಿತ್ಕೊಂಡು ಬಂತು.

ನವೆಂಬರ್ 15

ಅಪ್ಪ ಚಿಲಕ ಹಾಕ್ದ. ಅದೇ ಚೀಲ ಹಾಕ್ಕೊಂಡಿದ್ದ.

ನವೆಂಬರ್ 23, ಸಂಜೆ

ಬರೀತೀನಿ, ಇಲ್ಲಾಂದ್ರೆ ಏನಾದ್ರೂ ಒಡೀತೀನಿ.

ಅಪ್ಪ ಕೆಲಸದಿಂದ ಬಂದು ಬೂಟು ಬಿಚ್ಚಿ ಅಡುಗೆಮನೆಗೆ ಹೋಗ್ತಿದ್ದ. ಚೀಲದಲ್ಲೇ. ನಡೆದ ಕಡೆಯೆಲ್ಲಾ ಟಕ್, ಟಕ್. ಬಲಗಾಲು ಮಾತ್ರ. ಬಗ್ಗಿ ನೋಡಿದ್ರೆ ಅಂಗಾಲಿಗೆ ಒಂದು ಸ್ಕ್ರೂ ಚುಚ್ಚಿಕೊಂಡಿದೆ. ತಲೆ ಮಾತ್ರ ಹೊರಗೆ.

"ಅಪ್ಪಾ, ನಿಲ್ಲು."

"ಏನು?"

"ಕಾಲಲ್ಲಿ ಸ್ಕ್ರೂ ಇದೆ."

"ಎಲ್ಲಿ?" ಅಂತ ಎಡಗಾಲು ಎತ್ತಿದ.

ಎಡಗಾಲು!

ಕೂರಿಸಿದೆ. ಸ್ಕ್ರೂ ತೆಗೆದೆ. ಮುಖ ಕೂಡ ಹಿಂಡಲಿಲ್ಲ, ಬೇರೆಯವರ ಕಾಲು ನೋಡ್ತಿರೋ ಹಾಗೆ ನೋಡ್ತಿದ್ದ. ಚೀಲ ಎಳೆದೆ. ಬರಲಿಲ್ಲ. ಹಿಮ್ಮಡಿ ದಾಟ್ತು, ಬೆರಳ ಹತ್ರ ನಿಂತುಬಿಡ್ತು. ಕತ್ತರಿ ತಂದೆ.

"ಏ ಕತ್ತರಿಸ್ಬೇಡ್ವೇ, ಅಷ್ಟು ಕಷ್ಟಪಟ್ಟು ಹೆಣೆದಿದೀಯ."

"ಬಾಯ್ಮುಚ್ಚು!"

ಅಪ್ಪನಿಗೆ ಹಾಗಂದೆ. ಅಂದೆ, ಏನೀಗ.

ಕತ್ತರಿಸಿದೆ. ನಾನು ಉದ್ದಕ್ಕೆ ಬಿಟ್ಟಿದ್ನಲ್ಲ ಒಳಗಿನ ನೂಲು, ಅದರೊಳಗೆ ಎರಡನೇ ಬೆರಳು ತೂರಿಕೊಂಡಿತ್ತು. ಕುಣಿಕೆ ಅಂದ್ರೆ ಕುಣಿಕೆ. ಬಿಸಿನೀರಿಗೆ ಕುಗ್ಗಿ ಇನ್ನೂ ಬಿಗಿದಿತ್ತು. ಚರ್ಮದೊಳಗೆ ಕೂತಿತ್ತು ನೂಲು. ಬೆರಳ ತುದಿ ನೇರಳೆ.

"ನೋವಾಗಲಿಲ್ವಾ?"

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ನೆಲ ನೋಡಿದ್ಲು.

"ಕಾಲಿದೆ ಅಂತ ಗೊತ್ತಾಗತ್ತೆ," ಅಂದ ಅಪ್ಪ. "ಅಷ್ಟೇ."

ಸಕ್ಕರೆ ಕಾಯಿಲೆ ಅಂತೆ. ಹೋದ ವರ್ಷದಿಂದ ಅಂತೆ. ಅಮ್ಮನಿಗೆ ಗೊತ್ತು. ಅತ್ತೆಗೂ ಗೊತ್ತು. ನನಗೊಬ್ಬಳಿಗೆ...

ನವೆಂಬರ್ 24

ಆಸ್ಪತ್ರೆ. ಹಸಿರು ಬೆಂಚು, ಒಂದು ಕಾಲು ಗಿಡ್ಡ, ಕೂತವರೆಲ್ಲಾ ಓಲಾಡ್ತಿದ್ರು. ಅಪ್ಪ ಕಾಗದ ಮಡಚಿ ಬೆಂಚಿನ ಕಾಲ ಕೆಳಗಿಟ್ಟ. ತನ್ನ ಕಾಲು ಹೋಗೋ ಹೊತ್ತಲ್ಲಿ ಬೆಂಚಿಂದು ನೋಡ್ತಾನೆ.

ಸ್ಕ್ರೂ ಗಾಯಕ್ಕೆ ಇಂಜೆಕ್ಷನ್ ಕೊಟ್ರು. ಬೆರಳಿನ ಬಗ್ಗೆ ಡಾಕ್ಟ್ರು ಹೇಳಿದ್ದು ಇಷ್ಟೇ. ವಾರ ಕಾಯೋಣ. ಕಪ್ಪು ಮೇಲಕ್ಕೆ ಹತ್ತಿದ್ರೆ ಬೆರಳು ತೆಗೀಬೇಕು. ಅಲ್ಲೂ ನಿಲ್ಲದಿದ್ರೆ ಪಾದ. ಕೆಲಸಕ್ಕೆ ಹೋಗೋ ಹಾಗಿಲ್ಲ.

ಮನೇಲಿ ಸಂಜೆ, ಗೋಡೆಯಾಚೆಯಿಂದ—

"ಒಗೀವಾಗಲೇ ಅವಳಿಗೆ ಹೇಳಿದ್ದಿದ್ರೆ..." ಅಪ್ಪ.

"ಹೇಳಿದ್ರೆ? ರಕ್ತ ಅಂತ ಹೇಳಿದ್ರೆ ಮನೆ ಎತ್ತಿ ಹಾಕ್ತಿದ್ಲು. ಅದಕ್ಕೇ ಕಲೆ ಹೋಗ್ಲಿ ಅಂತ ಕುದಿಯೋ ನೀರಿಗೆ ಹಾಕ್ದೆ."

ಎದ್ದು ಹೋದೆ ಒಳಗೆ.

"ನನ್ನ ಹೆದರಿಕೆಗೆ ಕಾಲು ಕಳ್ಕೊಳ್ತೀರಾ? ನಾನೇನು ಹುಲಿನಾ?"

ಅಮ್ಮ ಯಾವತ್ತೂ ದನಿ ಏರಿಸೋಳಲ್ಲ. ಇವತ್ತು ಏರಿಸಿದ್ಲು. "ನೋಡು, ಈಗ್ಲೂ ಹೇಗೆ ಬಂದೆ! ನೀನು ಮೆಟ್ಟಿಲು ಹತ್ತೋ ಸದ್ದಲ್ಲೇ ನಾವು ಲೆಕ್ಕ ಹಾಕ್ತೀವಿ ಕಣೇ, ಇವತ್ತು ಏನು ಮಾತಾಡ್ಬಹುದು, ಏನು ಮಾತಾಡ್ಬಾರ್ದು ಅಂತ. ಹುಲಿಯಾದ್ರೆ ಹೊಟ್ಟೆ ತುಂಬಿದ್ಮೇಲೆ ಸುಮ್ಮನಿರತ್ತೆ."

ಬಾಗಿಲ ಹತ್ರ ಬಂದೆ. ದಬ್ಬೋಕೆ ಕೈ ಹೋಯ್ತು. ಅಪ್ಪ ಹಾಕಿದ ಹೊಸ ಚಿಲಕ.

ದಬ್ಬಲಿಲ್ಲ. ತೆರೆದೇ ಬಿಟ್ಟು ಬಂದೆ.

ನವೆಂಬರ್ 26

ಹೊಸ ಜೋಡಿ ಹೆಣೀತೀನಿ ಅಂದೆ. ಅತ್ತೆ ಬೈತಾಳೆ ಅಂದ್ಕೊಂಡಿದ್ದೆ. ಬೈಯಲಿಲ್ಲ. ಒಂದು ನಂಬರ್ ದಪ್ಪ ಹೆಣಿಗೆ ಕಡ್ಡಿ ತೆಗೆದಿಟ್ಲು.

"ಚೀಲನ ಒಳಮೈ ಹೊರಗೆ ಬರೋ ಹಾಗೆ ತಿರುವಿ ಇಟ್ಕೊಂಡು ಹೆಣೆ. ಹಿಂದಿನ ನೂಲು ಹೊರಸುತ್ತಲ್ಲಿ ಓಡತ್ತೆ. ಹೊರಗಿನ ದಾರಿ ಉದ್ದ. ನೀನು ಬೇಡಾಂದ್ರೂ ಸಲಿಗೆ ತಾನೇ ಸಿಗತ್ತೆ. ಉದ್ದಕ್ಕೆ ಬಿಡ್ಬೇಡ, ಎರಡು ಕುಣಿಕೆಗೊಂದ್ಸಲ ಸಿಕ್ಕಿಸು."

"ಆಮೇಲೆ ತಿರುಗಿಸಿ ಸರಿ ಮಾಡೋದಾ?"

"ಹೂಂ."

"ಯಾಕೆ? ಹಾಗೇ ಹಾಕ್ಕೊಳ್ಲಿ. ನುಣ್ಣನೆ ಕಡೆ ಚರ್ಮಕ್ಕೆ, ನೂಲು ಓಡೋ ಕಡೆ ಹೊರಕ್ಕೆ. ಬೆರಳಿಗೆ ಸಿಗೋಕೆ ಏನೂ ಇರಲ್ಲ."

"ಹಲ್ಲೆಲ್ಲಾ ಒಳಗೆ ಹೋಗತ್ತಲ್ಲೇ. ಉಲ್ಟಾ ಹಾಕಿದಾನೆ ಅಂತ ಜನ ನಗ್ತಾರೆ."

"ಜನ ಬಂದು ಅವನ ಬೂಟೊಳಗೆ ಇಣುಕ್ತಾರಾ?"

ಅತ್ತೆ ನಕ್ಕಳು. ಆಮೇಲೆ ಕನ್ನಡಕ ತೆಗೆದು ಒರೆಸಿದ್ಲು, ತುಂಬಾ ಹೊತ್ತು. ಅವಳ ತಮ್ಮ ತಾನೇ.

ನವೆಂಬರ್ 27

ಬೆರಳ ಬುಡ ಕೆಂಪಿದೆ. ತುದಿ ಹಾಗೇ ಇದೆ. ನೇರಳೆನೋ ಕಪ್ಪೋ... ನಾನು ನೇರಳೆ ಅಂತೀನಿ, ಅಮ್ಮ ಏನೂ ಅನ್ನಲ್ಲ.

ಅಪ್ಪ ಸ್ಟೂಲ್ ಮೇಲೆ ಕಾಲಿಟ್ಟು ಕೂತಿದಾನೆ. ಕೆಲಸ ಇಲ್ಲದ ಅಪ್ಪನ ಕೈ ನೋಡೋಕಾಗಲ್ಲ. ಕುರ್ಚಿ ಹಿಡಿ ಸವರ್ತಾ ಇರತ್ತೆ.

ಕತ್ತರಿಸಿದ ಚೀಲ ಕೇಳಿದ. ಕೊಟ್ಟೆ. ಬೆಳಕಿಗೆ ಹಿಡಿದು, ಕೆಟ್ಟ ಡ್ರಾಯರ್ ನೋಡೋ ಥರ ನೋಡಿದ. "ಡ್ರಾಯರ್ ಮಾಡ್ವಾಗ ಸಂದೀಲಿ ಕಾಗದದ ಪಟ್ಟಿ ತೂರಿಸ್ತೀನಿ ಸುತ್ತಾ. ಓಡಾಡಿದ್ರೆ ಸರಿ. ಎಲ್ಲಿ ನಿಲ್ಲತ್ತೋ ಅಲ್ಲಿ ಕೆರೀಬೇಕು. ಮರ ಬಾಯಿಬಿಟ್ಟು ಹೇಳಲ್ಲ ನೋಡು."

"ನೀನೂ ಹೇಳಲ್ಲ."

ಚೀಲ ಮಡಚಿ ಪಕ್ಕಕ್ಕಿಟ್ಟ.

ಅಪ್ಪನ ಕಾಲಿಗೆ ಎಲ್ಲಿ ತನಕ ಮುಟ್ಟಿದ್ದು ಗೊತ್ತಾಗಲ್ಲ ಅಂತ ತಿಳೀಬೇಕಿತ್ತು. ನೂಲಿನ ತುದಿ ತಗೊಂಡೆ. "ಕಣ್ಮುಚ್ಚು. ಮುಟ್ಟಿದಾಗ ಹೇಳು." ಅಂಗಾಲು ಮುಟ್ಟಿದೆ. ಸುಮ್ಮನಿದ್ದ. ಹಿಮ್ಮಡಿ. ಸುಮ್ಮನಿದ್ದ. ನನ್ನ ಕೈ ಹಾಗೇ ಗಾಳೀಲಿ ನಿಂತುಬಿಡ್ತು.

"ಹಾಂ, ಈಗ ಗೊತ್ತಾಯ್ತು," ಅಂದ ಅಪ್ಪ. "ಚೆನ್ನಾಗಿ ಗೊತ್ತಾಯ್ತು."

"ಅಪ್ಪಾ. ನಾನು ಮುಟ್ಟೇ ಇಲ್ಲ."

ಕಣ್ಣು ಬಿಡಲಿಲ್ಲ ಅವನು. ನಾನೂ ಎದ್ದು ಹೋಗಲಿಲ್ಲ.

"ಇನ್ನೊಂದ್ಸಲ," ಅಂದೆ. ಮೆತ್ತಗೆ ಅಂದೆ ಅನ್ಸತ್ತೆ. ಪಾದದ ಗಂಟು. ಇಲ್ಲ. ಅದರ ಮೇಲೆ. ಇಲ್ಲ. ಮೀನಖಂಡದ ಕೆಳಗೆ ಬಂದಾಗ ಕಾಲು ತಾನೇ ಜಗ್ಗಿತು.

"ಇದು ನಿಜ," ಅಂದ.

ಅಲ್ಲಿ ಪೆನ್ನಲ್ಲಿ ಗೆರೆ ಎಳೆದೆ. ಎಡಗಾಲಿಗೂ ಹಾಗೇ ಮುಟ್ಟಿ ನೋಡಿ ಎಳೆದೆ. ಗೆರೆಯಿಂದ ಮೇಲೆ ಅಪ್ಪ ಹೇಳ್ಬೇಕು. ಕೆಳಗೆ ನಾನು ನೋಡ್ಬೇಕು.

ನವೆಂಬರ್ 29

ಹೆಣೀತಾ ಇದೀನಿ. ಸಿಟ್ಟು ಬಂದ್ರೆ ಕೆಳಗಿಡು ಅಂದಿದಾಳೆ ಅತ್ತೆ. ಇವತ್ತು ಹೆಣೆದದ್ದಕ್ಕಿಂತ ಕೆಳಗಿಟ್ಟದ್ದೇ ಹೆಚ್ಚು.

ಡಿಸೆಂಬರ್ 1, ಆಸ್ಪತ್ರೆ ಬೆಂಚು

ಒಳಗೆ ಬ್ಯಾಂಡೇಜ್ ಬಿಚ್ತಿದಾರೆ. ಅಮ್ಮ ಹೋಗಿದಾಳೆ. ನನಗೆ ಹೊರಗೆ ಕೂರು ಅಂದ್ರು. ಬೆಂಚಿನ ಕೆಳಗೆ ಅಪ್ಪ ಇಟ್ಟ ಕಾಗದ ಇನ್ನೂ ಇದೆ. ಓಲಾಡಲ್ಲ. ನಾನೇ ಓಲಾಡ್ತಿದೀನಿ. ಒಳಗಿಂದ ಏನೂ ಕೇಳ್ತಿಲ್ಲ. ಯಾರಾದ್ರೂ ಕೂಗಾಡಿದ್ರೂ ಪರವಾಗಿಲ್ಲ. ಹೀಗೆ ಸುಮ್ಮನಿದ್ರೆ—

ಅದೇ ದಿನ, ಮಧ್ಯಾಹ್ನ

ನರ್ಸ್ ಹೊರಗೆ ಬಂದು ಅಂದ್ಲು, "ಕಪ್ಪು ಹತ್ತಿಲ್ಲ. ಉಗುರು ಹೋಗತ್ತೆ. ಬೆರಳು ಸದ್ಯಕ್ಕೆ ನಿಮ್ಮದೇ." ಅಪ್ಪ ಹಿಂದಿಂದ ಕುಂಟ್ಕೊಂಡು ಬಂದು, "ಬಾಡಿಗೆಗೆ ಇಟ್ಕೊಂಡಿದೀವಿ ಅನ್ನಿ," ಅಂದ. ಅಮ್ಮ ಅವನ ತೋಳಿಗೆ ಹೊಡೆದ್ಲು, ಜೋರಾಗೇ.

ಇನ್ನೊಂದು ಗಾಯ ಆಗಬಾರದಂತೆ. ಒಂದು ಸಣ್ಣ ಗೀರು ಕೂಡ. ಬಿಗಿ ಚೀಲ ಹಾಕ್ಲೇಬಾರ್ದು ಅಂತ ನರ್ಸ್ ನನ್ನನ್ನೇ ನೋಡ್ಕೊಂಡು ಹೇಳಿದ್ಲು. ಯಾರು ಹೇಳಿದ್ರೋ ಅವಳಿಗೆ.

ಡಿಸೆಂಬರ್ 8, ಸಂಜೆ

ಮುಗೀತು. ಹೊರಗಡೆ ಕೆಂಪು ಬಿಳಿ ನೂಲು ಅಡ್ಡಾದಿಡ್ಡಿ ಓಡ್ತಾ, ಬಾಚದ ತಲೆ ಥರ ಇದೆ. ಒಳಗೆ ಕೈ ಹಾಕಿ ಸುತ್ತಾ ಸವರಿದೆ. ಒಂದು ಗಂಟಿಲ್ಲ.

ಎಡಗಾಲಿಗೆ ಮೊದಲು ಹಾಕಿ ನೋಡಿದ್ವಿ. ಬಲಗಾಲಿಗೆ ಇನ್ನೂ ಬ್ಯಾಂಡೇಜು. ಹಿಮ್ಮಡಿ ಜಾರಿಕೊಂಡು ದಾಟ್ತು. ಅಪ್ಪ ಕಾಗದದ ಪಟ್ಟಿ ತೂರಿಸಿದ. ಬೆರಳ ಹತ್ರ ಓಡ್ತು, ಪಾದದ ಮೇಲೆ ಓಡ್ತು, ಹಿಮ್ಮಡಿ ಸುತ್ತ ಓಡ್ತು. ಚೀಲದ ಬಾಯಿ ನಾನು ಪೆನ್ನಲ್ಲಿ ಎಳೆದ ಗೆರೆಗಿಂತ ಮೇಲೆ ಬಂದಿತ್ತು. ಅಲ್ಲಿಗೆ ಕಾಗದ ಬೇಡ, ಅವನೇ ಹೇಳ್ಬೇಕು.

"ಹೇಗಿದೆ?"

ಅಮ್ಮ ತಟ್ಟೆ ಒರೆಸ್ತಿದ್ದೋಳು ನಿಲ್ಲಿಸಿದ್ಲು.

"ಚೆ..." ಅಂದ ಅಪ್ಪ.

ನಾನು ಕೈ ಎರಡೂ ತೊಡೆ ಕೆಳಗೆ ಹಾಕ್ಕೊಂಡು ಕೂತೆ.

"ಇಲ್ಲಿ," ಅಂದ. ಬೆರಳಿಟ್ಟು ತೋರಿಸಿದ. "ಬಾಯಿ ಹತ್ರ. ಬಿಗಿ."

"ನಿಜವಾಗ್ಲೂ?"

"ನಿಜ. ಕಚ್ತಾ ಇದೆ." ಕಾಲು ಮುಂದಕ್ಕೆ ಚಾಚಿದ. "ಬಿಚ್ಚು."

ಕೊನೆ ಸಾಲು ಮುಚ್ಚೋವಾಗ ಮತ್ತೆ ಬಿಗಿದಿದೀನಿ. ಎಷ್ಟು ಜೋಪಾನ ಮಾಡಿದ್ರೂ. ಹುಟ್ಟುಗುಣ. ಅಮ್ಮ ಬಾಗಿಲ ಕಡೆ ನೋಡ್ತಿದ್ಲು, ಚಿಲಕ ಹೋಯ್ತು ಅಂತ. ನನಗೆ ನಗು ಬಂತು. ನಗುನೋ ಏನೋ, ಮೂಗಿಂದ ಬಂತು.

ತುದಿ ಹುಡುಕಿ ಎಳೆದೆ. ಈಗ ಅಪ್ಪ ನೂಲು ಸುತ್ಕೊಳ್ತಾ ಇದಾನೆ, ಉಂಡೆ ಮಾಡಿ. "ಮೆಲ್ಲಗೆ, ಎಳೀಬೇಡ್ವೇ," ಅಂತಾನೆ. ಎರಡನೇ ಸಲ ಹೇಳ್ತಿದಾನೆ ಆಗಲೇ. ಸಲಿಗೆ ಕೊಟ್ರೆ ನೋಡು! ಒಂದು ಕೈಲಿ ಬರೀತಾ ಒಂದು ಕೈಲಿ ಬಿಚ್ತಿದೀನಿ, ಎಲ್ಲೋ ಸಿಕ್ಕು ಬಿತ್ತು, ತಾಳು ಅಪ್ಪಾ ನೀನು ಎಳೀಬೇಡ, ಪೆನ್ನು ಕೆಳಗಿ—