ಕೆಸ್ಲರ್ ಹೋದ ಸುದ್ದಿ

ಡಿಸೆಂಬರ್ ೯, ಮಂಗಳವಾರ

ಕೆಸ್ಲರ್ ಕೊನೆಗೂ ನಮ್ಮೂರ ಬೇಸ್‌ಬಾಲ್ ತಂಡ ಬಿಟ್ಟು ನ್ಯೂಯಾರ್ಕಿನವರ ಹತ್ತು ವರ್ಷದ ಕರಾರಿಗೆ ಸಹಿ ಹಾಕಿದ. ಚೆಂಡನ್ನು ಮೈದಾನದಾಚೆ ಹಾರಿಸುವ ಹೋಮ್‌ರನ್ನಿಗೇ ಎಲ್ಲರೂ ಬ್ಯಾಟು ಬೀಸುವ ಈ ಕಾಲದಲ್ಲಿ, ಚೆಂಡೆಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿ ಅದನ್ನು ಕದಿಯುತ್ತಿದ್ದವನು ಅವನೊಬ್ಬನೇ.

ಸಂಜೆ ಅಣ್ಣ ವೆಂಡೆಲ್‌ಗೆ ಸೂಪು ಕೊಡುತ್ತ ಈ ಸುದ್ದಿ ಹೇಳಿದೆ. ಕಣ್ಣು ಹೋದ ಮೇಲೆ ರೇಡಿಯೋದ ಬೇಸ್‌ಬಾಲ್ ಒಂದೇ ಅವನಿಗೆ ಉಳಿದಿತ್ತು.

"ನಮ್ಮೂರು ಈ ಆಟಗಾರ್ರಿಗೆಲ್ಲ ಟ್ರೈನಿಂಗ್ ಸ್ಕೂಲು ಕಣೇ ಲೋರೀನ್. ಕಲಿತ್ರು, ಹೊರಟ್ರು."

"ಹೊಸ ಹುಡುಗ್ರು ಬರ್ತಾರೆ ಬಿಡಣ್ಣ."

"ಬರ್ಲಿ. ಅವ್ರ ಹೆಸ್ರು ನಾನು ಕಲಿಯಲ್ಲ. ಏಪ್ರಿಲ್‌ನಲ್ಲಿ ಆಟ ಶುರುವಾದಾಗ ರೇಡಿಯೋ ಹಾಕ್ಬೇಡ."

ತಮಾಷೆಯೆಂದು ನಕ್ಕೆ. ಅವನು ಗೋಡೆಯತ್ತ ತಿರುಗಿ ಮಲಗಿದ.

ಅಮ್ಮ ತೀರಿಕೊಂಡ ದಿನವೂ ನಾವಿಬ್ಬರೂ ಆಡಿದ್ದು ಆಟದ ಮಾತನ್ನೇ. ನಮಗೆ ಬೇರೆ ಮಾತು ಬರುವುದಿಲ್ಲ. ನಾಳೆ ಬೆಳಿಗ್ಗೆ ಕಾಫಿ ಹಿಡಿದು ಅವನ ಕೋಣೆಗೆ ಹೋಗಿ ಏನೆಂದು ಮಾತು ಶುರುಮಾಡಲಿ...