ಮ್ಯಾಗ್ನೋಲಿಯಾಗೆ ಕಟಿಂಗ್ ಬೇಡ

ಅಪ್ಪ,

ಗಿಡದ ಕತ್ತರಿ ಹುಡುಕಬೇಡ. ಅದು ನನ್ನ ಚೀಲದಲ್ಲಿದೆ, ನನ್ನ ಜೊತೆ ಕೆಲಸಕ್ಕೆ ಬರುತ್ತಿದೆ.

ನಮ್ಮ ಮ್ಯಾಗ್ನೋಲಿಯಾ ಆರು ವರ್ಷವಾದರೂ ಯಾಕೆ ಹೂ ಬಿಟ್ಟಿಲ್ಲ ಅಂತ ನಿನ್ನೆ ನರ್ಸರಿಯಾಕೆಯನ್ನು ಕೇಳಿದೆ. "ಚಳಿಗಾಲದಲ್ಲಿ ತುದಿ ಕತ್ತರಿಸ್ತೀರಾ?" ಅಂದರು. "ನಮ್ಮಪ್ಪಂದು ಕಟಿಂಗ್ ಶಾಪು, ಒಂದು ಕಡ್ಡಿ ಉದ್ದ ಬಂದ್ರೂ ಅವರಿಗೆ ನಿದ್ದೆ ಬರಲ್ಲ" ಅಂದೆ. "ಹಾಗಾದ್ರೆ ವರ್ಷಾ ವರ್ಷಾ ಮೊಗ್ಗನ್ನೇ ಬೋಳಿಸಿದ್ದಾರೆ ಬಿಡಿ" ಅಂದರು. ನೀನು ಗಂಟು ಅಂತ ತೆಗೆಯುವ ಆ ತುಪ್ಪಳದ ತುದಿಗಳೇ ಮೊಗ್ಗಂತೆ.

ಭಾನುವಾರ ನೀನು ಕತ್ತರಿಸದೆ ಬಿಟ್ಟ, ಗೋಡೆ ಕಡೆಯ ಕೊಂಬೆಯಲ್ಲಿ ಇನ್ನೂ ಮೂರು ಮೊಗ್ಗು ಉಳಿದಿವೆ. ಮುಟ್ಟಬೇಡ. ಬುಡಕ್ಕೆ ಒಂದು ಚೊಂಬು ನೀರು ಸಾಕು.

ಇನ್ನೊಂದು ವಿಷಯ. ಅದನ್ನು ನೆಟ್ಟವಳು ಅಮ್ಮ. "ನನ್ನ ಕೈಗುಣಾನೇ ಸರಿ ಇಲ್ಲ" ಅಂದುಕೊಂಡು ಈಗ ಒಂದು ಬೀಜವನ್ನೂ ಮಣ್ಣಿಗೆ ಹಾಕುತ್ತಿಲ್ಲ. ನೀನು ಹೌದೌದು ಅನ್ನುತ್ತಾ ಬಂದೆ. ನಾನೂ ಅಂದೆ.

ಅವಳಿಗೆ ನಾನಿನ್ನೂ ಹೇಳಿಲ್ಲ. ನಾನು ಬರುವುದರೊಳಗೆ ನೀನೇ ಹೇಳು.

ಅಲ್ಲಿಯವರೆಗೆ ಕೈ ತುರಿಸಿದರೆ ತಡೆದುಕೋ. ಹೇಳಿ ಮುಗಿಸಿದ್ದರೆ ಸಂಜೆ ನನ್ನ ತಲೆ ಕೊಡುತ್ತೇನೆ, ಎಷ್ಟು ಬೇಕಾದರೂ ಕತ್ತರಿಸು.