ವಿಭೂತಿ ಪೆಟ್ಟಿಗೆಯಲ್ಲಿಟ್ಟ ಚೀಟಿ

ಅಜ್ಜಂಪುರ, ಮಾರ್ಚ್ ೧೯೮೪

ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳೇ,

“ರೋಗಿಯ ಕಡೆಯವರಿಗೆ ಲಿಖಿತ ಸೂಚನೆ ನೀಡಲಾಗಿದೆ, ಸಿಬ್ಬಂದಿಯ ಲೋಪ ಕಂಡುಬಂದಿಲ್ಲ” ಎಂದು ನನ್ನ ದೂರಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ಕೈಸೇರಿತು. ಎಷ್ಟು ಚೆಂದದ ಕನ್ನಡ! ಅದರ ಕಾಲುಪಾಲನ್ನು ನನ್ನ ಯಜಮಾನರು ಬದುಕಿದ್ದಾಗ ಆಸ್ಪತ್ರೆಯ ಚೀಟಿಯ ಮೇಲೆ ಖರ್ಚು ಮಾಡಿದ್ದರೆ ಅವರು ಇವತ್ತು ಅಂಗಡಿಯಲ್ಲಿ ಕೂತಿರುತ್ತಿದ್ದರು. ತಮಗೆ ಬರೆದದ್ದು ಕಡತ ಸೇರುತ್ತದೆ. ಅದಕ್ಕೇ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ಆಸ್ಪತ್ರೆ ಯಾವುದೆಂದು ತಮಗೆ ಗೊತ್ತು, ಇಲ್ಲಿ ಅಚ್ಚು ಹಾಕಿಸುವುದಿಲ್ಲ. ಹಾಕಿಸಿದರೆ ಅಲ್ಲಿಯ ಬಡಪಾಯಿ ನರ್ಸಮ್ಮನಿಗೊಂದು ನೋಟೀಸು ಕಳಿಸಿ ತಾವು ಕೈತೊಳೆದುಕೊಳ್ಳುತ್ತೀರಿ.

ನಮ್ಮದು ಸಣ್ಣ ಜವಳಿ ಅಂಗಡಿ. ಕಳೆದ ಕಾರ್ತೀಕದಲ್ಲಿ ಗಿರಾಕಿಗೆ ಪಂಚೆ ಅಳೆಯುತ್ತಿದ್ದ ನನ್ನ ಯಜಮಾನ ಬೆನಕಪ್ಪನವರ ಕೈಯಿಂದ ಮೀಟರ್ ಕಡ್ಡಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಬಾಯಿ ಸೊಟ್ಟಗಾಯಿತು, ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಲಕ್ವಕ್ಕೆ ನಾಟಿ ಔಷಧಿಯೇ ಸರಿ ಎಂದವರನ್ನೆಲ್ಲ ಗದರಿಸಿ ಸರ್ಕಾರಿ ಆಸ್ಪತ್ರೆಗೇ ಕರೆದೊಯ್ದೆ. ನಾನು ನಂಬಿದ್ದು ತಮ್ಮನ್ನು, ಸ್ವಾಮಿ.

ಹನ್ನೆರಡು ದಿನ ಮೂಗಿನ ನಳಿಗೆಯಲ್ಲಿ ಹಾಲು ಬಿಟ್ಟರು. ಹದಿಮೂರನೆಯ ದಿನ ನಳಿಗೆ ತೆಗೆದು, ಹಾಸಿಗೆ ಬೇಕಾಗಿದೆ, ಹೊರಡಿ ಎಂದರು. “ಗಾಡಿ ತಂದಿದೀರೇನಮ್ಮಾ?” ಎಂದು ಡಾಕ್ಟರು ಕೇಳಿದರು. “ಈ ಚೀಟಿ ಮಾತ್ರ ಕಳ್ಕೋಬೇಡಿ, ಎಲ್ಲಾ ಬರ್ದಿದೀನಿ.”

“ಲಿಂಗಪೂಜೆ ಮಾಡಿಸ್ಬೋದಾ ಸ್ವಾಮಿ?” ಎಂದೆ.

“ಧಾರಾಳವಾಗಿ ಮಾಡ್ಸಿ. ಮನಸ್ಸಿಗೂ ಒಳ್ಳೇದು.”

ನಮ್ಮಲ್ಲಿ ಪೂಜೆ ಮುಗಿಯುವುದು ತೀರ್ಥ ಕುಡಿದ ಮೇಲೆ ಎಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಕುಡಿಸಬಾರದು ಎಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಅವರ ಎಡ ಅಂಗೈಯಲ್ಲಿ ಲಿಂಗವಿಡುತ್ತಿದ್ದೆ. ಬಿದ್ದುಹೋದ ಅವರ ಬಲಗೈ ಮಾಡುವ ಕೆಲಸವನ್ನು ನನ್ನ ಬಲಗೈ ಮಾಡುತ್ತಿತ್ತು: ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆ ನೀರನ್ನೇ ತೀರ್ಥವೆಂದು ಮೂರು ಸಲ ಬಾಯಿಗೆ ಬಿಡುತ್ತಿದ್ದೆ, ಮಲಗಿದ್ದ ಹಾಗೆಯೇ. ಅದಾಗದೆ ನಲವತ್ತು ವರ್ಷದಲ್ಲಿ ಒಂದು ತೊಟ್ಟು ಹಾಲು ಮುಟ್ಟಿದವರಲ್ಲ ಅವರು. ಕೆಮ್ಮುತ್ತಿದ್ದರು. “ನೆತ್ತಿಗತ್ತಿತು ಕಣ್ರೀ, ಯಾರೋ ನೆನೆಸ್ಕೊಂಡ್ರು” ಎಂದು ತಲೆ ತಟ್ಟುತ್ತಿದ್ದೆ. ಐದನೆಯ ದಿನ ಅವರ ಬಾಯಿಂದ “ಮಲ್ಲೀ” ಎಂದು ನನ್ನ ಹೆಸರು ಬಂತು. ಅಯ್ಯೋ, ಆ ಸಂತೋಷಕ್ಕೆ ಇನ್ನೊಂದು ಚಮಚ ತೀರ್ಥ ಬಿಟ್ಟೆ. ಏಳನೆಯ ದಿನ ಎದೆ ಗೊರಗೊರ ಎಂದು ಜ್ವರ ಬಂತು. ಒಂಬತ್ತನೆಯ ದಿನ ಹೋಗಿಬಿಟ್ಟರು.

ಚೀಟಿಯನ್ನು ಕಳೆಯಬಾರದಲ್ಲ! ವಿಭೂತಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಔಷಧಿ ಅಂಗಡಿಯವನು ಅದರಲ್ಲಿ ಮಾತ್ರೆಯ ಹೆಸರಷ್ಟೇ ನೋಡಿದ್ದ. ಕ್ರಿಯೆ ಮುಗಿದ ಮೇಲೆ ನೆರೆಮನೆಯ ಶಿವಮೂರ್ತಪ್ಪ ಮೇಷ್ಟ್ರು ಮೇಲಿನ ಮೂರು ಸಾಲು ಇಂಗ್ಲಿಷನ್ನು ಓದಿ ಹೇಳಿದರು: ನುಂಗುವ ಶಕ್ತಿ ಪೂರಾ ಬಂದಿಲ್ಲ. ಬರಿಯ ನೀರು ಕುಡಿಸಕೂಡದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಂದ ಗಂಜಿ ಮಾತ್ರ, ಕೂರಿಸಿಕೊಂಡು, ಚಮಚದಲ್ಲಿ.

ಮೇಷ್ಟ್ರು ಕನ್ನಡಕ ತೆಗೆದರು. “ಇದನ್ನ ಮೊದ್ಲೇ ನಂಗೆ ತೋರಿಸ್ಬಾರ್ದಾಗಿತ್ತೇನಮ್ಮಾ?”

ತೋರಿಸಬೇಕಿತ್ತು. ಅದು ನನ್ನ ತಪ್ಪು, ತಮ್ಮ ಕಡತದಲ್ಲಿ ಅದನ್ನೂ ಬರೆದುಕೊಳ್ಳಿ. ಆದರೆ ಆ ಮೂರು ಸಾಲನ್ನು ಬಾಯಲ್ಲಿ ಹೇಳಲು ಎಷ್ಟು ಹೊತ್ತು ಬೇಕಿತ್ತು? ಗಾಡಿ ವಿಚಾರಿಸಲು ಕನ್ನಡ, ಜೀವ ಉಳಿಸಲು ಇಂಗ್ಲಿಷು. ಇದು ಯಾವ ಸುತ್ತೋಲೆಯ ಪ್ರಕಾರ? ನವೆಂಬರ್ ಒಂದನೇ ತಾರೀಕು ಬಾವುಟ ಹಾರಿಸಿ ತಾವು ಮಾಡುವ ಭಾಷಣ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾಗದಿದ್ದದ್ದು ಈ ಚೀಟಿಯೊಂದೇ.

ಹೋದ ವಾರ ಚೌಳಹಿರಿಯೂರಿನ ನಮ್ಮ ನೆಂಟರ ಪೈಕಿ ವಿಶಾಲಾಕ್ಷಮ್ಮನ ಮಾವನಿಗೂ ಲಕ್ವ ಹೊಡೆದು, ಅವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆಂದು ತಿಳಿಯಿತು. ಮೇಷ್ಟ್ರನ್ನು ಕರೆದುಕೊಂಡು ಮೊದಲ ಬಸ್ಸಿಗೇ ಹೋದೆ. ಅವಳು ತೀರ್ಥದ ಬಟ್ಟಲು ಹಿಡಿದು ಮುದುಕರ ತಲೆದೆಸೆಯಲ್ಲಿ ನಿಂತಿದ್ದಳು. ಕೈ ಹಿಡಿದುಕೊಂಡೆ.

“ಏನಕ್ಕಾ, ತೀರ್ಥಕ್ಕೆ ಅಡ್ಡ ಬತ್ತೀಯಾ? ಬುದ್ಧಿ ನೆಟ್ಟಗಿದೆಯಾ ನಿಂಗೆ?”

“ಬೆಟ್ಟು ಅದ್ದಿ ತುಟಿಗೆ ಒತ್ತು ಕಣೇ. ಶಿವ ಅಷ್ಟಕ್ಕೇ ಒಪ್ಕೋತಾನೆ. ಕುಡಿಸ್ಬೇಡ.”

ಮೇಷ್ಟ್ರು ಚೀಟಿ ಬಿಡಿಸಿದರು. ಅದರಲ್ಲೂ ಅವೇ ಮೂರು ಸಾಲು ಇಂಗ್ಲಿಷಿನಲ್ಲಿದ್ದವು. ಮುದುಕರು ಬದುಕಿದ್ದಾರೆ.

ಕಡೂರು, ತರೀಕೆರೆಯ ಎಷ್ಟು ಮನೆಗೆ ನಾನು ಬಸ್ಸು ಹತ್ತಲಿ? ಒಂದು ಆದೇಶ ಹೊರಡಿಸಿ. ಲಕ್ವದ ರೋಗಿಯನ್ನು ಮನೆಗೆ ಕಳಿಸುವ ಮುಂಚೆ, ಅವರ ಬಾಯಿಗೆ ತುತ್ತಿಡುವ ಹೆಂಗಸು ಯಾರೋ ಅವಳನ್ನು ಕರೆದು, ಮೊದಲ ಚಮಚವನ್ನು ತಮ್ಮ ಸಿಬ್ಬಂದಿಯ ಕಣ್ಣೆದುರೇ ಹಾಕಿಸಿ. ಏನು ಕೊಡಬಾರದೆಂದು ಅವಳ ಮಾತಿನಲ್ಲೇ ಹೇಳಿ. ತೀರ್ಥವನ್ನೂ ಹೆಸರಿಟ್ಟು ಹೇಳಿ.

ಇಂತಿ,
ಚೀಟಿಯನ್ನು ಜೋಪಾನ ಮಾಡಿ ಗಂಡನನ್ನು ಕಳೆದುಕೊಂಡ
ಮಲ್ಲಿಕಾಂಬ